ಮಿಷನ್ ಕಾರ್ಖಾನೆಯಿಂದ ಹುಳುಮನೆಯವರೆಗೆ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಟಿಪ್ಪು ಸುಲ್ತಾನನಿಂದ ಹೊರಟು ನೇರವಾಗಿ ವಿಶ್ವೇಶ್ವರಯ್ಯನವರ ದಿವಾನಗಿರಿಗೆ ಬಂದು ನಿಲ್ಲುತ್ತಾರೆ. ನಡುವಿನ ನೂರು ವರ್ಷಗಳಲ್ಲಿ ಕನ್ನಡ ನಾಡಿನ ಕೈಕಸುಬು ಕಾರ್ಖಾನೆಯ ದಾರಿ ಹಿಡಿಯಿತಲ್ಲ, ಅದರಲ್ಲಿ ಪ್ರಾಟೆಸ್ಟೆಂಟ್ ಮಿಷನ್‌ಗಳ ಪಾಲೆಷ್ಟು ಎಂಬ ಪ್ರಶ್ನೆ ಬದಿಗೇ ಉಳಿಯುತ್ತದೆ. ಪ್ರಾಟೆಸ್ಟೆಂಟ್ ಧರ್ಮ ಮತ್ತು ಉದ್ಯಮದ ನಂಟು ಎಂದೊಡನೆ ನೆನಪಾಗುವುದು ಮ್ಯಾಕ್ಸ್ ವೆಬರ್ 1904-05ರಲ್ಲಿ ಮಂಡಿಸಿದ ವಾದ: ದುಡಿಮೆಯನ್ನು ದೇವರ ಕರೆಯೆಂದು ಬಗೆದ ಮನೋಧರ್ಮವೇ ಬಂಡವಾಳಶಾಹಿಗೆ ನೆಲ ಹದ ಮಾಡಿತು ಎಂಬುದು. ನಮ್ಮ ನಾಡಿನ ಸಾಕ್ಷ್ಯ ಹೇಳುವುದೇ ಬೇರೆ. ಇಲ್ಲಿ ಆ ಪ್ರಭಾವವನ್ನು ಹುಡುಕಬೇಕಾದದ್ದು ಮತ ಬದಲಿಸಿದವರ ಮನಸ್ಸಿನಲ್ಲಲ್ಲ, ಮಿಷನ್ ಕಟ್ಟಿದ ಕಾರ್ಯಾಗಾರದಲ್ಲಿ. ಅದೂ ಚರ್ಚಿನ ಅಂಗಳ ದಾಟಿ ಬೇರೆಯವರ ಕೈ ಸೇರಿದ ಕಡೆಯಲ್ಲೇ ಹೆಚ್ಚು ಬಾಳಿತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಕಾರ್ಖಾನೆ ಹೂಡಬೇಕೆಂದು ಬಂದದ್ದಲ್ಲ. ಸಭೆಗೆ ಸೇರಿದ ಬಿಲ್ಲವರು ಮೂರ್ತೆದಾರಿಕೆಯನ್ನು ಬಿಡಬೇಕಿತ್ತು. ಮದ್ಯದ ಕಸುಬನ್ನು ಮಿಷನ್ ಒಪ್ಪುತ್ತಿರಲಿಲ್ಲ. ಜೊತೆಗೆ ಜಾತಿಯ ಆಸರೆಯೂ ತಪ್ಪುತ್ತಿತ್ತು. ಹೀಗೆ ಬದುಕಿನ ದಾರಿ ಮುಚ್ಚಿದವರಿಗೆ ಅನ್ನದ ಇನ್ನೊಂದು ದಾರಿ ತೋರಿಸುವ ಹೊಣೆ ಮಿಷನ್ನಿನ ತಲೆಯ ಮೇಲೇ ಬಿತ್ತು. 1841ರಲ್ಲಿ ಮುದ್ರಣಾಲಯ ಶುರುವಾಯಿತು; 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದರು. 1851ರಲ್ಲಿ ಬಂದ ಹಾಲರ್ ನೇಯ್ಗೆಯ ಕಾರ್ಖಾನೆಯನ್ನು ಬೆಳೆಸಿದರು, ಅಲ್ಲಿಯ ಖಾಕಿ ಬಟ್ಟೆ ಹೆಸರಾಯಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ನೇತ್ರಾವತಿಯ ಜೇಡಿಮಣ್ಣಿನಿಂದ ಹೆಂಚು ಮಾಡಲು ತೊಡಗಿದರು. ಪ್ರಾಟೆಸ್ಟೆಂಟರ ಇನ್ನೊಂದು ನೆಲವಾದ ಅಮೆರಿಕದ ಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ಗಿರಣಿ, ಗಣಿ, ಕೊಳೆಗೇರಿ ಮೊದಲು ಹುಟ್ಟಿದವು, ಚರ್ಚು ಅವುಗಳಿಗೆ ಆಮೇಲೆ ಉತ್ತರ ಹುಡುಕಿತು. ನ್ಯೂಯಾರ್ಕಿನ ಬಡವರ ಕೇರಿಯಲ್ಲಿ ಪಾದ್ರಿಯಾಗಿದ್ದ ವಾಲ್ಟರ್ ರೌಶೆನ್‌ಬುಷ್ 1907ರಲ್ಲಿ ಬರೆದ ಪುಸ್ತಕ, 1908ರಲ್ಲಿ ಚರ್ಚುಗಳ ಒಕ್ಕೂಟ ಒಪ್ಪಿದ ಸಾಮಾಜಿಕ ಘೋಷಣೆ ಎರಡೂ ಮಾಲೀಕನನ್ನು ಹೊರಗೆ ನಿಂತು ಪ್ರಶ್ನಿಸಿದವು. ಬಾಲದುಡಿಮೆ ನಿಲ್ಲಬೇಕು, ವಾರಕ್ಕೊಂದು ದಿನ ಬಿಡುವು ಬೇಕು, ಬದುಕಲು ಸಾಕಾಗುವ ಕೂಲಿ ಬೇಕು ಎಂದವು. ಮಂಗಳೂರಿನಲ್ಲಾದರೋ ಉಪದೇಶಿಸುವ ಮಿಷನ್ನೇ ಕೂಲಿ ಕೊಡುವ ಧಣಿ. ಧಣಿಯನ್ನು ಪ್ರಶ್ನಿಸುವ ಹೊರಗಿನ ದನಿ ಅಲ್ಲಿ ಹುಟ್ಟುವುದು ಕಷ್ಟವಿತ್ತು.

ಇದೆಲ್ಲ ಮತಾಂತರದ ಉಪಾಯವಷ್ಟೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಮತಪ್ರಚಾರ ಮಿಷನ್ನಿನ ಉದ್ದೇಶವೇ ಆಗಿತ್ತು, ಅದನ್ನು ಅದು ಮುಚ್ಚಿಟ್ಟದ್ದೂ ಇಲ್ಲ. ಆದರೆ ಉದ್ದೇಶವನ್ನು ನೋಡಿ ಫಲವನ್ನು ಅಳೆಯಲಾಗದು. ಪ್ಲೆಬ್ಸ್ಟ್ ಹೆಂಚು ಸುಟ್ಟ ಕೆಲವೇ ವರ್ಷಗಳಲ್ಲಿ ಊರಿನ ಕಥೊಲಿಕರೂ ಹಿಂದೂಗಳೂ ತಮ್ಮದೇ ಕಾರ್ಖಾನೆ ಹಾಕಿದರು. 1914ರ ಯುದ್ಧದ ತರುವಾಯ ಮಿಷನ್ನಿನ ಉದ್ಯಮಗಳು ಅದರ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದಾಗಲೂ ಮಂಗಳೂರು ಹೆಂಚು ನಿಲ್ಲಲಿಲ್ಲ. ಆ ವಿದ್ಯೆ ಆಗಲೇ ಊರಿನದಾಗಿತ್ತು. ವೆಬರನ ಮಾತು ಇಲ್ಲಿ ಕೂಡುವುದಿಲ್ಲ ಎನ್ನಲು ಇದೇ ಕಾರಣ: ಶ್ರದ್ಧೆಯನ್ನು ಒಪ್ಪದವರು ತಂತ್ರವನ್ನು ಒಪ್ಪಿದರು.

ಹಳೆ ಮೈಸೂರಿನ ರೇಷ್ಮೆಯಲ್ಲಿ ಈ ಕೈಬದಲಾವಣೆ ಇನ್ನೂ ಸ್ಪಷ್ಟ. 19ನೇ ಶತಮಾನದ ಕೊನೆಯಲ್ಲಿ ಜೆಮ್ಶೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿ ತಜ್ಞರನ್ನಿಟ್ಟುಕೊಂಡು ರೇಷ್ಮೆ ಫಾರಂ ತೆರೆದರು. 1910ರಲ್ಲಿ ಅದರ ಆಡಳಿತ ಸಾಲ್ವೇಶನ್ ಆರ್ಮಿಗೆ ಹೋಯಿತು. ಲಂಡನ್ನಿನ ಕೊಳೆಗೇರಿಗಳಲ್ಲಿ ಹುಟ್ಟಿ 1880ರಲ್ಲಿ ಅಮೆರಿಕದ ನಗರಗಳಿಗೆ ಕಾಲಿಟ್ಟ ಸಂಸ್ಥೆ ಅದು. 1882ರಲ್ಲಿ ಅದನ್ನು ಭಾರತಕ್ಕೆ ತಂದ ಫ್ರೆಡರಿಕ್ ಬೂತ್-ಟಕ್ಕರ್, ಫಕೀರ್ ಸಿಂಗ್ ಎಂಬ ಹೆಸರಿಟ್ಟುಕೊಂಡು ಮಗ್ಗ ಮತ್ತು ರೇಷ್ಮೆಯನ್ನು ಬಡವರ ಜೀವನೋಪಾಯವಾಗಿ ಹರಡಲು ದುಡಿದರು. ಪಾರ್ಸಿಯ ಹಣ, ಜಪಾನಿನ ಕುಶಲತೆ, ಪ್ರಾಟೆಸ್ಟೆಂಟರ ತರಬೇತಿ ಒಂದೇ ಅಂಗಳದಲ್ಲಿ ಕೂಡಿದ್ದವು. ಮುಂದೆ ಮೈಸೂರು ಸಂಸ್ಥಾನವೇ ಈ ಕೆಲಸಕ್ಕೆ ಇಳಿಯಿತು: ಇಟಲಿಯ ವಾಷಿಂಗ್ಟನ್ ಮಾರಿಯನ್ನು ಕರೆಸಿತು, ಚನ್ನಪಟ್ಟಣದಲ್ಲಿ ಸರ್ಕಾರಿ ಫಾರಂ ಮಾಡಿತು, ರೇಷ್ಮೆ ಇಲಾಖೆಯನ್ನು ಕಟ್ಟಿತು. ಆ ಇಲಾಖೆಯನ್ನು ನವರತ್ನ ರಾಮರಾಯರಂಥವರು ನಡೆಸಿದರು. ರೇಷ್ಮೆಹುಳುವಿಗೆ ತಗಲುವ ಪೆಬ್ರಿನ್ ರೋಗವನ್ನು ಸೂಕ್ಷ್ಮದರ್ಶಕದಲ್ಲಿ ಪತ್ತೆಹಚ್ಚಿ, ರೋಗವಿಲ್ಲದ ಮೊಟ್ಟೆಯನ್ನೇ ರೈತನಿಗೆ ಕೊಡುವ ಬಿತ್ತನೆ ಕೋಠಿಯ ಪದ್ಧತಿ ಬೇರೂರಿತು. ಆ ವಿಧಾನ ಫ್ರಾನ್ಸಿನ ಲೂಯಿ ಪಾಸ್ಟರ್ ಕಂಡುಹಿಡಿದದ್ದು, ಅವರು ಕಥೊಲಿಕರು. ವಿದ್ಯೆಗೆ ಮತದ ಗಡಿ ಹಾಕುವವರು ಇದನ್ನು ನೆನಪಿಡಬೇಕು.

ಹಾಗಾದರೆ ರಾಮನಗರ, ಕನಕಪುರದ ರೇಷ್ಮೆಗೆ ಮಿಷನ್ನಿನ ಋಣ ಏನು, ಟಿಪ್ಪುವಿನ ಕಾಲದಿಂದಲೇ ಹುಳು ಸಾಕುತ್ತಿದ್ದರಲ್ಲ ಎಂದು ಕೇಳಬಹುದು. ಮಾತು ಸರಿ. ಹಿಪ್ಪುನೇರಳೆ ಬೆಳೆದವನು ಇಲ್ಲಿಯ ರೈತ, ಬಿಸಿನೀರಿಗೆ ಕೈಯಿಟ್ಟು ನೂಲು ಬಿಚ್ಚಿದವರಲ್ಲಿ ಮುಸ್ಲಿಮರೇ ಹೆಚ್ಚು, ಮೈಸೂರು ತಳಿಯ ಬಿತ್ತನೆ ಗೂಡನ್ನು ಉಳಿಸಿಕೊಂಡು ಬಂದದ್ದು ಮಾಗಡಿ, ಕುಣಿಗಲ್ ಕಡೆಯ ಊರುಗಳು. ಸಾಲ್ವೇಶನ್ ಆರ್ಮಿಯ ಪಾಲು ಚಿಕ್ಕದು. ಆದರೂ ಅದನ್ನು ಲೆಕ್ಕದಿಂದ ಬಿಡುವುದು ತಪ್ಪು. ಕಸುಬನ್ನು ಮನೆತನದಿಂದ ಬಿಡಿಸಿ, ಯಾರು ಬೇಕಾದರೂ ಕಲಿಯಬಹುದಾದ ಪಾಠವಾಗಿಸುವ ಕೆಲಸವನ್ನು ಮಂಗಳೂರಿನ ಹೆಂಚಿನ ಕಾರ್ಖಾನೆ ಮಾಡಿತ್ತು, ಬೆಂಗಳೂರಿನ ಫಾರಂ ಮಾಡಿತು, ಸಂಸ್ಥಾನದ ರೇಷ್ಮೆ ಇಲಾಖೆ ಅದನ್ನೇ ದೊಡ್ಡದಾಗಿ ನಡೆಸಿತು. ದಾಟಿ ಬಾರದೆ ಉಳಿದದ್ದು ಒಂದಿದೆ. ಅಮೆರಿಕದ ಸುಧಾರಕರು ಚರ್ಚಿನೊಳಗಿಂದ ಕೂಲಿಕಾರರ ಪರ ಎತ್ತಿದ ದನಿಗೆ ಸಮನಾದದ್ದು ನಮ್ಮ ರೇಷ್ಮೆಯ ಊರುಗಳಲ್ಲಿ ಯಾವ ಧರ್ಮದೊಳಗಿಂದಲೂ ಗಟ್ಟಿಯಾಗಿ ಏಳಲಿಲ್ಲ. ತಂತ್ರ ಬಂತು, ದುಡಿಯುವವರ ಹೊಣೆ ಬರಲಿಲ್ಲ. ಬಾಲದುಡಿಮೆ ನಿಲ್ಲಬೇಕೆಂದು ಅಮೆರಿಕದ ಚರ್ಚುಗಳು ಘೋಷಿಸಿದ್ದು 1908ರಲ್ಲಿ. ರಾಮನಗರ, ಮಾಗಡಿಯ ರೇಷ್ಮೆ ಘಟಕಗಳಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಪಾಡನ್ನು ಮಾನವ ಹಕ್ಕುಗಳ ವರದಿ ದಾಖಲಿಸಿದ್ದು 1996ರಲ್ಲಿ.