ಗರ್ಭಿಣಿಯರ ಮೂತ್ರಪಿಂಡದ ಸೋಂಕು ಮತ್ತು ಔಷಧ ನಿರೋಧಕತೆ

ಮೂತ್ರಕೋಶದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರನಾಳದ ಮೂಲಕ ಮೇಲೇರಿ ಕಿಡ್ನಿಯನ್ನು ತಲುಪಿದಾಗ ಬರುವ ಕಾಯಿಲೆಯೇ ಮೂತ್ರಪಿಂಡದ ಸೋಂಕು. ನೂರು ಗರ್ಭಿಣಿಯರಲ್ಲಿ ಒಬ್ಬಿಬ್ಬರನ್ನು ಕಾಡುತ್ತದೆ. ಪ್ರೊಜೆಸ್ಟರಾನ್ ಹಾರ್ಮೋನಿನಿಂದ ಮೂತ್ರನಾಳಗಳು ಸಡಿಲವಾಗುತ್ತವೆ, ಬೆಳೆಯುವ ಗರ್ಭಕೋಶ ಅವನ್ನು ಒತ್ತುತ್ತದೆ; ಮೂತ್ರ ಸರಾಗವಾಗಿ ಇಳಿಯದೆ ನಿಲ್ಲುತ್ತದೆ. ಗರ್ಭಕೋಶ ಸಾಮಾನ್ಯವಾಗಿ ಬಲಕ್ಕೆ ವಾಲುವುದರಿಂದ ಬಲಗಿಡ್ನಿಗೇ ತೊಂದರೆ ಹೆಚ್ಚು. ಚಳಿಜ್ವರ, ಪಕ್ಕೆನೋವು, ವಾಂತಿ ಮುಖ್ಯ ಲಕ್ಷಣಗಳು. ಉರಿಮೂತ್ರ ಇರಲೇಬೇಕೆಂದಿಲ್ಲ. ಅವಧಿಗೆ ಮುನ್ನ ಹೆರಿಗೆ, ರಕ್ತಕ್ಕೆ ನಂಜೇರುವುದು ಇದರ ಅಪಾಯಗಳು.

ಬಹುಪಾಲು ಸೋಂಕಿಗೆ ಕರುಳಿನ ಇ. ಕೋಲೈ ಕಾರಣ. ಆಂಪಿಸಿಲಿನ್ ಇದರ ಮೇಲೆ ಬಹುತೇಕ ಕೆಲಸ ಕಳೆದುಕೊಂಡಿದೆ. ಇಎಸ್‌ಬಿಎಲ್ ಕಿಣ್ವವನ್ನು ತಯಾರಿಸುವ ತಳಿಗಳು ಸೆಫ್ಟ್ರಿಯಾಕ್ಸೋನ್‌ನಂಥ ಇಂಜೆಕ್ಷನ್ನನ್ನೂ ಒಡೆದುಹಾಕುತ್ತವೆ. ಬೇರೆ ರೋಗಿಗಾದರೆ ಮತ್ತೊಂದು ಔಷಧ ಹುಡುಕಬಹುದು; ಬಸುರಿಗೆ ಆ ದಾರಿ ಕಿರಿದು. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ಗಳನ್ನು ವೈದ್ಯರು ದೂರವಿಡುತ್ತಾರೆ. ನೈಟ್ರೋಫ್ಯುರಾಂಟೊಯಿನ್ ಮೂತ್ರಕೋಶಕ್ಕೆ ಒಳ್ಳೆಯದಾದರೂ ಕಿಡ್ನಿಯ ಅಂಗಾಂಶದಲ್ಲಿ ಸಾಕಷ್ಟು ಸೇರುವುದಿಲ್ಲ. ಕೊನೆಗೆ ಉಳಿಯುವುದು ಮೆರೊಪೆನೆಮ್‌ನಂಥ ದುಬಾರಿ ಇಂಜೆಕ್ಷನ್.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ನಾಲ್ಕೂ ಕಡೆಯ ಗರ್ಭಿಣಿಯರ ಕೈಯಲ್ಲಿ ತಪಾಸಣೆಯ ವಿವರ ಬರೆಯುವ ತಾಯಿ ಕಾರ್ಡ್ ಇರುತ್ತದೆ; ಅದರಲ್ಲಿ ಮೂತ್ರದ ಅಲ್ಬುಮಿನ್, ಸಕ್ಕರೆಗೆ ಜಾಗವಿದೆ. ಆದರೆ ಆ ಪರೀಕ್ಷೆ ನಾರ್ಮಲ್ ಬಂದ ಮಾತ್ರಕ್ಕೆ ಬ್ಯಾಕ್ಟೀರಿಯಾ ಇಲ್ಲವೆಂದು ತಿಳಿಯುವಂತಿಲ್ಲ. ಲಕ್ಷಣವಿಲ್ಲದೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇರುವವರಿಗೆ ಚಿಕಿತ್ಸೆ ಕೊಡದಿದ್ದರೆ, ನಾಲ್ವರಲ್ಲಿ ಸುಮಾರು ಒಬ್ಬರಿಗೆ ಸೋಂಕು ಕಿಡ್ನಿಗೇರಬಹುದು. ಈ ಬ್ಯಾಕ್ಟೀರಿಯಾವನ್ನು ಹಿಡಿಯುವುದು ಯೂರಿನ್ ಕಲ್ಚರ್. ಯಾವ ಔಷಧಕ್ಕೆ ರೋಗಾಣು ಬಗ್ಗುತ್ತದೆಂದು ಹೇಳುವುದೂ ಅದೇ. ವರದಿಗೆ ಎರಡು ಮೂರು ದಿನ ಬೇಕು. ಇಂಥ ಪರೀಕ್ಷೆಗೆ ಹೋಗಬೇಕೆಂದರೆ ಜಗಳೂರಿನವರಿಗೆ ದಾವಣಗೆರೆ, ನ್ಯಾಮತಿಯವರಿಗೆ ಶಿವಮೊಗ್ಗ ದೊಡ್ಡಾಸ್ಪತ್ರೆಯ ಊರು. 

ಜ್ವರವಿದ್ದವರಿಗೆ ವರದಿಗಾಗಿ ಕಾಯುವುದಿಲ್ಲ. ಮೂತ್ರದ ಮಾದರಿ ತೆಗೆದು ಕೂಡಲೇ ಇಂಜೆಕ್ಷನ್ ಆರಂಭಿಸಿ, ವರದಿ ಬಂದಮೇಲೆ ಅಗತ್ಯವಿದ್ದರೆ ಔಷಧ ಬದಲಿಸುತ್ತಾರೆ. ಒಟ್ಟು ಚಿಕಿತ್ಸೆ ಸಾಮಾನ್ಯವಾಗಿ 14 ದಿನ. ಜ್ವರ ಬಿಟ್ಟಿತೆಂದು ಔಷಧ ನಿಲ್ಲಿಸಿದರೆ ಸೋಂಕು ಮರುಕಳಿಸುವ ಸಂಭವ ಹೆಚ್ಚು. ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಎರಡು ದಿನದ ಮಾತ್ರೆ ಇನ್ನೂ ಕೆಟ್ಟದ್ದು: ಅದು ಕಲ್ಚರಿನ ಫಲಿತಾಂಶವನ್ನೇ ಮರೆಮಾಚುತ್ತದೆ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಔಷಧ ನಿಯಮಗಳ ಎಚ್1 ಅನುಸೂಚಿಯ ಪ್ರಕಾರ ಸೆಫಿಕ್ಸಿಮ್‌ನಂಥ ಔಷಧ ಮಾರಿದ ಅಂಗಡಿ ವೈದ್ಯರ, ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು.

ಹೆರಿಗೆಗೆ ತವರಿಗೆ ಹೋಗುವ ರೂಢಿಯಿಂದ ಆಸ್ಪತ್ರೆಯೂ ಬದಲಾಗುತ್ತದೆ. ಹಳೆಯ ಕಲ್ಚರ್ ವರದಿ ತಾಯಿ ಕಾರ್ಡಿನ ಜೊತೆಗಿದ್ದರೆ ಹೊಸ ವೈದ್ಯರು ವಿಫಲವಾದ ಔಷಧವನ್ನೇ ಮತ್ತೆ ಬರೆಯುವುದು ತಪ್ಪುತ್ತದೆ.