ಸ್ಪಾರ್ಕಲ್‌ಹಾರ್ಸ್

ಅಮೆರಿಕದ ಗಾಯಕ, ಗೀತರಚನಕಾರ ಮಾರ್ಕ್ ಲಿಂಕಸ್ (1962–2010) ತಮ್ಮ ಹಾಡುಗಳಿಗೆ ಇಟ್ಟುಕೊಂಡಿದ್ದ ಹೆಸರು. ಕೇಳಲು ರಾಕ್ ತಂಡದ ಹೆಸರಿನಂತಿದ್ದರೂ ಹಾಡು ಬರೆಯುವುದು, ಹಾಡುವುದು, ಹಲವು ವಾದ್ಯ ನುಡಿಸುವುದು ಅವರೇ; ಜೊತೆಗಾರರು ಬಂದುಹೋಗುತ್ತಿದ್ದರು.

ಲಿಂಕಸ್ ಹುಟ್ಟಿದ್ದು ವರ್ಜೀನಿಯಾದ ಆರ್ಲಿಂಗ್‌ಟನ್‌ನಲ್ಲಿ, ಕಲ್ಲಿದ್ದಲು ಗಣಿ ಕಾರ್ಮಿಕರ ಮನೆತನದಲ್ಲಿ. 1980ರ ದಶಕದಲ್ಲಿ ಡಾನ್ಸಿಂಗ್ ಹುಡ್ಸ್ ತಂಡದಲ್ಲಿದ್ದರು; ಅದು ಕೈಹಿಡಿಯಲಿಲ್ಲ, ವರ್ಜೀನಿಯಾಕ್ಕೆ ಮರಳಿದರು. ಕ್ರ್ಯಾಕರ್ ತಂಡದ ಡೇವಿಡ್ ಲೌರಿ ನೆರವಿನಿಂದ ಸಿದ್ಧವಾದ ಮೊದಲ ಆಲ್ಬಂ ‘ವಿವಾಡಿಕ್ಸಿಸಬ್‌ಮರೀನ್‌ಟ್ರಾನ್ಸ್‌ಮಿಷನ್‌ಪ್ಲಾಟ್’ 1995ರಲ್ಲಿ ಬಂತು. (ಈ ಹೆಸರಿಗೆ ಇಂಗ್ಲಿಷ್ ಬಲ್ಲವರ ನಾಲಿಗೆಯೂ ತೊಡರುತ್ತದೆ.)

1996ರಲ್ಲಿ ರೇಡಿಯೊಹೆಡ್ ತಂಡದೊಂದಿಗೆ ಯುರೋಪ್ ಪ್ರವಾಸದಲ್ಲಿದ್ದಾಗ, ಮಾತ್ರೆಗಳ ಅತಿಸೇವನೆಯಿಂದ ಲಂಡನ್ನಿನ ಹೋಟೆಲಿನಲ್ಲಿ ಪ್ರಜ್ಞೆ ತಪ್ಪಿ ಬಿದ್ದರು. ಮೈಭಾರದಡಿ ಗಂಟೆಗಟ್ಟಲೆ ಸಿಕ್ಕಿಕೊಂಡಿದ್ದ ಕಾಲುಗಳು ಜಖಂಗೊಂಡವು. ತಿಂಗಳುಗಟ್ಟಲೆ ಗಾಲಿಕುರ್ಚಿಯೇ ಗತಿಯಾಯಿತು. ‘ಗುಡ್ ಮಾರ್ನಿಂಗ್ ಸ್ಪೈಡರ್’ (1998) ಆಲ್ಬಮ್ಮನ್ನು ಈ ಅವಘಡದ ಕಥೆಯಾಗಿಯಷ್ಟೇ ಕೇಳುವವರಿದ್ದಾರೆ. ಹಾಗೆ ಕೇಳಿದರೆ ಲಿಂಕಸ್ ಅವರ ಕಸುಬು ಕಿವಿಗೆ ಬೀಳುವುದಿಲ್ಲ. ಆ ಆಲ್ಬಂನಲ್ಲಿ ಸುಲಭವಾಗಿ ಜನಪ್ರಿಯವಾಗಬಹುದಾಗಿದ್ದ ‘ಹ್ಯಾಪಿ ಮ್ಯಾನ್’ ಹಾಡಿನ ಬಹುಭಾಗವನ್ನು ಲಿಂಕಸ್ ರೇಡಿಯೊ ಗರಗರದಲ್ಲಿ ಬೇಕೆಂದೇ ಮುಳುಗಿಸಿದರು. ಹಳೆಯ ಮೈಕು, ಆಟಿಕೆಯಂಥ ಆಪ್ಟಿಗನ್ ಕೀಬೋರ್ಡು, ಸವೆದ ಟೇಪಿನ ಸದ್ದು ಅವರಿಗೆ ದೋಷಗಳಾಗಿರಲಿಲ್ಲ, ವಾದ್ಯಗಳೇ ಆಗಿದ್ದವು. ಪಿಸುದನಿಯ ಹಾಡಿನ ಬೆನ್ನಿಗೇ ಕಿವಿಗಡಚಿಕ್ಕುವ ಗಿಟಾರು ಬರುವುದೂ ಅವರ ರೂಢಿ.

‘ಇಟ್ಸ್ ಎ ವಂಡರ್‌ಫುಲ್ ಲೈಫ್’ (2001) ಹೋಲಿಕೆಯಲ್ಲಿ ತಿಳಿಯಾದದ್ದು. ಟಾಮ್ ವೇಟ್ಸ್, ಪಿ.ಜೆ. ಹಾರ್ವಿ, ನೀನಾ ಪೆರ್ಶಾನ್ ಇದರಲ್ಲಿ ದನಿಗೂಡಿಸಿದ್ದಾರೆ. ಮುಂದಿನ ಆಲ್ಬಂ ಬರಲು ಐದು ವರ್ಷ ಹಿಡಿಯಿತು. ನಡುವೆ ಅವರು ಗಾಯಕ ಡೇನಿಯಲ್ ಜಾನ್‌ಸ್ಟನ್ನರ ‘ಫಿಯರ್ ಯುವರ್‌ಸೆಲ್ಫ್’ (2003) ಆಲ್ಬಂ ನಿರ್ಮಿಸಿಕೊಟ್ಟರು.

ಸಂಗೀತ ನಿರ್ಮಾಪಕ ಡೇಂಜರ್ ಮೌಸ್ ಜೊತೆ ಮಾಡಿದ ‘ಡಾರ್ಕ್ ನೈಟ್ ಆಫ್ ದ ಸೋಲ್’ನ ಕಥೆ ವಿಚಿತ್ರ. ಧ್ವನಿಮುದ್ರಣ ಕಂಪನಿಯೊಂದಿಗಿನ ತಕರಾರಿನಿಂದ 2009ರಲ್ಲಿ ಆಲ್ಬಂ ತಡೆಯಾಯಿತು. ಆಗ ಚಿತ್ರನಿರ್ದೇಶಕ ಡೇವಿಡ್ ಲಿಂಚ್ ತೆಗೆದ ಛಾಯಾಚಿತ್ರಗಳ ಪುಸ್ತಕವನ್ನು ಖಾಲಿ ಸಿಡಿಯೊಂದಿಗೆ ಮಾರಲಾಯಿತು. ಹಾಡುಗಳನ್ನು ತುಂಬಿಕೊಳ್ಳುವುದು ಕೊಂಡವರಿಗೇ ಬಿಟ್ಟದ್ದು. 2010ರ ಜುಲೈನಲ್ಲಿ ಆಲ್ಬಂ ವಿಧಿವತ್ತಾಗಿ ಹೊರಬರುವ ವೇಳೆಗೆ ಲಿಂಕಸ್ ಇರಲಿಲ್ಲ. ಬಹುಕಾಲ ಖಿನ್ನತೆಯಿಂದ ಬಳಲಿದ್ದ ಅವರು ಮಾರ್ಚ್ 6ರಂದು ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಆತ್ಮಹತ್ಯೆ ಮಾಡಿಕೊಂಡಿದ್ದರು. ಅದೇ ಆಲ್ಬಂನಲ್ಲಿ ಹಾಡಿದ್ದ ಗೆಳೆಯ ವಿಕ್ ಚೆಸ್ನಟ್ ಕೆಲವೇ ತಿಂಗಳ ಹಿಂದೆ, 2009ರ ಡಿಸೆಂಬರಿನಲ್ಲಿ ತೀರಿಕೊಂಡಿದ್ದರು.

ಮಾರಾಟದ ಲೆಕ್ಕದಲ್ಲಿ ಸ್ಪಾರ್ಕಲ್‌ಹಾರ್ಸ್ ಎಂದೂ ದೊಡ್ಡ ಹೆಸರಲ್ಲ. ಹಾಡುಗಾರರ ನಡುವೆ ಮಾತ್ರ ಅದರ ಮಾನ ಬೇರೆ. ಲಿಂಕಸ್ ಅರ್ಧಕ್ಕೆ ಬಿಟ್ಟಿದ್ದ ‘ಬರ್ಡ್ ಮಷೀನ್’ ಆಲ್ಬಮ್ಮನ್ನು ಅವರ ಸಹೋದರ ಮ್ಯಾಟ್ ಮತ್ತು ಮ್ಯಾಟ್ ಪತ್ನಿ ಮೆಲಿಸ್ಸಾ ಪೂರ್ತಿಗೊಳಿಸಿ 2023ರಲ್ಲಿ ಹೊರತಂದರು. ಅದರ ಒಂದಷ್ಟು ಭಾಗವನ್ನು ಲಿಂಕಸ್ ಶಿಕಾಗೋದಲ್ಲಿ ಧ್ವನಿಮುದ್ರಣಕಾರ ಸ್ಟೀವ್ ಆಲ್ಬಿನಿ ಜೊತೆ ಮುದ್ರಿಸಿಟ್ಟಿದ್ದರು.