ಸಾವೊ ತೋಮೆಯ ಮಾರಾಟಪಟ್ಟಿ: ಕ್ಯಾಡ್ಬರಿ ಚರಿತ್ರೆಯಲ್ಲಿ 1901ರ ಪ್ರಶ್ನೆ

ಕ್ಯಾಡ್ಬರಿ ಕಂಪನಿಯ ಬೆಳವಣಿಗೆಯನ್ನು ಅಭಿಮಾನದಿಂದ ಬರೆದವರಲ್ಲಿ ಒಂದು ಕಾಲಾನುಕ್ರಮ ಬೇರೂರಿದೆ. ಪೋರ್ಚುಗೀಸ್ ಆಳ್ವಿಕೆಯ ಸಾವೊ ತೋಮೆ ದ್ವೀಪದ ಕೋಕೋ ಗುಲಾಮರ ದುಡಿಮೆಯದು ಎಂಬ ಅನುಮಾನ ಕಂಪನಿಗೆ ಬಂದದ್ದು 1901ರಲ್ಲಿ. ಕಂಪನಿ ಕಳಿಸಿದ ಜೋಸೆಫ್ ಬರ್ಟ್ ಆಫ್ರಿಕಾದಲ್ಲಿ ತನಿಖೆ ಮುಗಿಸಿ 1907ರಲ್ಲಿ ಮರಳಿದಾಗ ಅದು ಖಚಿತವಾಯಿತು. ಬ್ರಿಟನ್ನಿನ ವಿದೇಶಾಂಗ ಕಚೇರಿ ಕಾಯಲು ಹೇಳಿದ್ದರಿಂದ ಖರೀದಿ 1909ರ ಮಾರ್ಚ್‌ವರೆಗೂ ನಡೆಯಿತು. ಇದು ಮೂಲತಃ ಸ್ಟ್ಯಾಂಡರ್ಡ್ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ ಬರ್ಮಿಂಗ್‌ಹ್ಯಾಮ್ ನ್ಯಾಯಾಲಯದಲ್ಲಿ ಕಂಪನಿಯೇ ಮಂಡಿಸಿದ ವಾದ. ಕಕ್ಷಿದಾರರ ವಾದ ಚರಿತ್ರೆಯ ಚೌಕಟ್ಟಾಗಿ ಉಳಿದುಕೊಂಡಿದೆ. ನನ್ನ ತಕರಾರು ಅದರ ಮೊದಲ ಮೆಟ್ಟಿಲಿನ ಬಗ್ಗೆ. 1901ರಲ್ಲಿ ಇದ್ದದ್ದು ಬರಿಯ ಅನುಮಾನವೇ?

ಆ ವರ್ಷದ ಆರಂಭದಲ್ಲಿ ಕಂಪನಿಯ ನಿರ್ದೇಶಕ ವಿಲಿಯಂ ಕ್ಯಾಡ್ಬರಿ ಟ್ರಿನಿಡಾಡ್‌ಗೆ ಹೋಗಿದ್ದಾಗ ಸಾವೊ ತೋಮೆಯ ಕೂಲಿಗಳ ಸಂಗತಿ ಅವನ ಕಿವಿಗೆ ಬಿತ್ತು. ಅಲ್ಲಿಯವರೆಗಿನದನ್ನು ಗಾಳಿಮಾತು ಎನ್ನಬಹುದು. ಕೆಲವೇ ವಾರಗಳಲ್ಲಿ ಆ ದ್ವೀಪದ ಒಂದು ತೋಟ ಮಾರಾಟಕ್ಕಿದೆ ಎಂಬ ಪ್ರಸ್ತಾವ ಕಂಪನಿಗೆ ಬಂತು. ತೋಟದ ಆಸ್ತಿಗಳ ಪಟ್ಟಿಯಲ್ಲಿ 200 ಕಪ್ಪು ಕೂಲಿಗಳೂ ಇದ್ದರು. ಅವರ ಮುಂದೆ 3,555 ಪೌಂಡ್ ಎಂಬ ಬೆಲೆ ಇತ್ತು.

ಈ ಮೊತ್ತದ ಮೇಲೆ ಇನ್ನಷ್ಟು ಹೊತ್ತು ಕಣ್ಣಿಡಬೇಕು. ಭಾಗಿಸಿದರೆ ತಲೆಗೆ 17 ಪೌಂಡ್ 15 ಶಿಲಿಂಗ್ 6 ಪೆನ್ಸ್ ಬರುತ್ತದೆ. ಎಲ್ಲರಿಗೂ ಒಂದೇ ದರ ಕಟ್ಟಿದ್ದರೆ ಇಂಥ ಚಿಲ್ಲರೆಯ ದರ ಹುಟ್ಟುವುದು ಕಷ್ಟ. ವಯಸ್ಸು, ಮೈಕಟ್ಟು ನೋಡಿ ಒಬ್ಬೊಬ್ಬರಿಗೂ ಬೇರೆ ಬೇರೆ ಬೆಲೆ ಹಾಕಿ ಕೂಡಿಸಿದ ಮೊತ್ತವಿದು ಎಂದು ನನಗೆ ಅನಿಸುತ್ತದೆ. ಇದು ನನ್ನ ಊಹೆ, ಊಹೆಯೆಂದೇ ಹೇಳುತ್ತಿದ್ದೇನೆ. ಊಹೆಯನ್ನು ಬದಿಗಿಟ್ಟರೂ ಮನುಷ್ಯರು ಬೆಲೆಸಹಿತ ಮಾರಾಟದ ಪಟ್ಟಿಯಲ್ಲಿದ್ದರು ಎಂಬುದು ಬದಲಾಗುವುದಿಲ್ಲ.

ಇದಕ್ಕೊಂದು ಪ್ರತಿವಾದ ಸಾಧ್ಯ, ಅದನ್ನು ತಳ್ಳಿಹಾಕುವ ಮುನ್ನ ಕೇಳಿಸಿಕೊಳ್ಳಬೇಕು. ಪೋರ್ಚುಗೀಸ್ ಕಾನೂನಿನ ಲೆಕ್ಕದಲ್ಲಿ ಈ ಜನ ಗುಲಾಮರಲ್ಲ, ಐದು ವರ್ಷದ ಕರಾರಿನ ಕೂಲಿಗಳು. ಅಂಗೋಲಾದಿಂದ ಅವರನ್ನು ತರಿಸಲು ತೋಟದ ಧಣಿ ಹಣ ಹಾಕಿದ್ದಾನೆ. ಪಟ್ಟಿಯಲ್ಲಿರುವುದು ಆ ಬಂಡವಾಳ, ಮನುಷ್ಯರಲ್ಲ ಎನ್ನಬಹುದು. ಮುಂಗಡ ಕೊಟ್ಟು ಜೀತಕ್ಕಿಟ್ಟುಕೊಳ್ಳುವ ಪದ್ಧತಿಯನ್ನು 1976ರ ಕಾಯ್ದೆ ನಿಷೇಧಿಸುವವರೆಗೆ, ಆಮೇಲೂ, ಕಂಡ ನಮ್ಮ ನಾಡಿನ ಓದುಗರಿಗೆ ಈ ವಾದದ ಧಾಟಿ ಹೊಸದಲ್ಲ. ಆದರೆ ಕರಾರಿನ ಬೆಲೆಯಾಗಿದ್ದರೆ ಅವಧಿ ಕಳೆದಂತೆ ಅದು ಕರಗಿ ಸೊನ್ನೆಯಾಗಬೇಕು. ಸಾವೊ ತೋಮೆಯಲ್ಲಿ ಕರಾರು ಮುಗಿಯುತ್ತಲೇ ಇರಲಿಲ್ಲ. ಐದು ವರ್ಷವಾದೊಡನೆ ನವೀಕರಣವಾಗುತ್ತಿತ್ತು. ಅಂಗೋಲಾಕ್ಕೆ ಮರಳಿದವರು ಇಲ್ಲವೆನ್ನುವಷ್ಟು ಕಡಿಮೆ. ಮುಗಿಯದ ಕರಾರಿಗೆ ಕಟ್ಟಿದ ಬೆಲೆ ಎಂದರೆ ಆಳಿಗೇ ಕಟ್ಟಿದ ಬೆಲೆ.

ಲೆಕ್ಕದ ಪುಸ್ತಕದಲ್ಲೇ ಬದುಕು ಸವೆಸಿದ ವ್ಯಾಪಾರಿಗಳಿಗೆ ಇಷ್ಟು ಅರ್ಥವಾಗಲಿಲ್ಲ ಎಂದು ನಾನು ನಂಬಲಾರೆ. ಹಾಗೆ ನಂಬಲು ವಿಲಿಯಂ ಕ್ಯಾಡ್ಬರಿಯೇ ಬಿಡುವುದಿಲ್ಲ. 1901ರ ಏಪ್ರಿಲ್‌ನಲ್ಲಿ ಗುಲಾಮಗಿರಿ ವಿರೋಧಿ ಚಳವಳಿಯ ಜೋಸೆಫ್ ಸ್ಟರ್ಜ್‌ಗೆ ಬರೆದ ಪತ್ರದಲ್ಲಿ, ತಮ್ಮದೇ ಹಿತಾಸಕ್ತಿಗೆ ತಗುಲಿದಾಗ ಇಂಥ ವಿಷಯಗಳು ಬೇರೆ ರೀತಿಯಲ್ಲಿ ಕಾಣುತ್ತವೆ ಎಂಬರ್ಥದ ಮಾತನ್ನು ಅವನು ಬಚ್ಚಿಡದೆ ಬರೆದಿದ್ದಾನೆ. ಏನೂ ತಿಳಿಯದವನು ಹೀಗೆ ಬರೆಯುವುದಿಲ್ಲ; ತಿಳಿದದ್ದು ಮನಸ್ಸನ್ನು ಕೊರೆಯುತ್ತಿದ್ದರೆ ಬರೆಯುತ್ತಾನೆ. ಅವನ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಅವನ ಪರವಾಗಿ ಬರೆದವರು ಈ ಪ್ರಾಮಾಣಿಕತೆಯನ್ನೇ ಮಸುಕುಗೊಳಿಸಿದ್ದು ನನ್ನ ಬೇಸರ.

ಮುಂದಿನ ಹೆಜ್ಜೆಗಳು ಗೊತ್ತಿರುವಂಥವೇ: 1903ರಲ್ಲಿ ವಿಲಿಯಂನ ಲಿಸ್ಬನ್ ಭೇಟಿ, 1905ರಲ್ಲಿ ಬರ್ಟ್‌ನ ಪ್ರಯಾಣ. ಬೆಳವಣಿಗೆಯ ಕಥೆಯಲ್ಲಿ ಇದೇ 1905 ಡೇರಿ ಮಿಲ್ಕ್ ಹುಟ್ಟಿದ ವರ್ಷವೆಂದು ಮೆರೆಯುತ್ತದೆ. ಎರಡೂ ಒಂದೇ ಆಡಳಿತ ಮಂಡಳಿಯ ಕೆಲಸ. ಬೇರೆ ಬೇರೆ ಅಧ್ಯಾಯಗಳಲ್ಲಿ ಇಡಲು ಕಾರಣ ನನಗೆ ಕಾಣದು. 1901ರಿಂದ 1908ರವರೆಗೆ ಕಂಪನಿ ಕೊಂಡ ಸಾವೊ ತೋಮೆ ಕೋಕೋದ ಬೆಲೆ ಸುಮಾರು 13 ಲಕ್ಷ ಪೌಂಡ್.

ಇಲ್ಲಿ ಎ. ಜಿ. ಗಾರ್ಡಿನರ್ ಹೆಸರೆತ್ತಲೇಬೇಕು. ಜಾರ್ಜ್ ಕ್ಯಾಡ್ಬರಿಯ ಜೀವನಚರಿತ್ರೆ (1923) ಬರೆದ ಈತ ಅದೇ ಜಾರ್ಜ್ ಕ್ಯಾಡ್ಬರಿಯ ಒಡೆತನದ ಡೈಲಿ ನ್ಯೂಸ್ ಪತ್ರಿಕೆಯ ಸಂಪಾದಕನಾಗಿದ್ದವನು. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ ಚೀನೀ ಕೂಲಿಗಳನ್ನು ದುಡಿಸುವುದರ ವಿರುದ್ಧ ಆ ಪತ್ರಿಕೆ ದನಿಯೆತ್ತಿತ್ತು. 1908ರ ಸೆಪ್ಟೆಂಬರ್‌ನಲ್ಲಿ ಸ್ಟ್ಯಾಂಡರ್ಡ್ ಪತ್ರಿಕೆ ಚುಚ್ಚಿದ್ದು ಈ ವಿರೋಧಾಭಾಸವನ್ನೇ. ಅಷ್ಟು ಹತ್ತಿರವಿದ್ದವನ ಬರಹವನ್ನು ತಟಸ್ಥ ಸಾಕ್ಷಿಯೆಂದು ಎತ್ತಿಕೊಳ್ಳುವವರ ಧೈರ್ಯ ನನಗಿಲ್ಲ. ಹಾಗೆಂದು ಇನ್ನೊಂದು ಬಣದ ಉತ್ಸಾಹಕ್ಕೂ ನಾನು ಜೊತೆಯಾಗಲಾರೆ. 1909ರ ಡಿಸೆಂಬರ್‌ನಲ್ಲಿ ಆ ಮಾನನಷ್ಟ ಮೊಕದ್ದಮೆಯ ಜ್ಯೂರಿ ಕೊಡಿಸಿದ ಕಾಲು ಪೆನ್ನಿಯ ಪರಿಹಾರವನ್ನೇ ಅವರು ಎತ್ತಿ ತೋರಿಸುತ್ತಾರೆ. ಮಾನನಷ್ಟವಾಗಿದೆ ಎಂದೇ ಜ್ಯೂರಿ ತೀರ್ಪಿತ್ತಿತ್ತು, ಮೊಕದ್ದಮೆಯ ಖರ್ಚೂ ಕ್ಯಾಡ್ಬರಿಗೇ ಸಿಕ್ಕಿತು ಎಂಬುದನ್ನು ಬಿಟ್ಟುಬಿಡುತ್ತಾರೆ. ಲೋವೆಲ್ ಸಾಟ್ರೆ 2005ರ ತನ್ನ ಗ್ರಂಥದಲ್ಲಿ ಈ ಮೊಕದ್ದಮೆಯನ್ನು ಕೂಲಂಕಷವಾಗಿ ಬಿಡಿಸಿಟ್ಟ ಮೇಲೂ ಅರ್ಧ ತೀರ್ಪನ್ನು ಉಲ್ಲೇಖಿಸುವುದು ಸೋಮಾರಿತನ.

ಖರೀದಿ ನಿಲ್ಲಿಸಿದರೆ ಪೋರ್ಚುಗೀಸರ ಮೇಲಿನ ಹಿಡಿತ ತಪ್ಪುತ್ತದೆ ಎಂಬುದು ಕಂಪನಿಯ ಕೊನೆಯ ಸಮರ್ಥನೆ. 1901ರ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಇದನ್ನು ಪರೀಕ್ಷಿಸಬೇಕು. ಕೊಳ್ಳುವವನ ಹಿಡಿತ ಇರುವುದು ಇಂತಿಷ್ಟು ದಿನದೊಳಗೆ ಸರಿಪಡಿಸದಿದ್ದರೆ ಬಿಡುತ್ತೇನೆ ಎನ್ನುವುದರಲ್ಲಿ. ಆ ಗಡುವು ಪಟ್ಟಿ ಕೈಸೇರಿದ ದಿನದಿಂದ ಎಣಿಕೆಯಾಗಬೇಕಿತ್ತು. ಕಂಪನಿಯ ಪರ ಬರೆದವರು ಅದನ್ನು ಬರ್ಟ್ ಮರಳಿದ ದಿನದಿಂದ ಎಣಿಸುತ್ತಾರೆ. 1909ರಲ್ಲಿ ಖರೀದಿ ಕೈಬಿಟ್ಟಾಗ ಗೋಲ್ಡ್ ಕೋಸ್ಟ್‌ನ (ಇಂದಿನ ಘಾನಾ) ಸಣ್ಣ ರೈತರ ಕೋಕೋ ಮಾರುಕಟ್ಟೆಗೆ ಹರಿದು ಬರತೊಡಗಿತ್ತು. 1911ರ ಹೊತ್ತಿಗೆ ಜಗತ್ತಿನ ಕೋಕೋ ರಫ್ತಿನಲ್ಲಿ ಆ ನಾಡೇ ಮುಂದಿತ್ತು. ಬಹಿಷ್ಕಾರದ ದಿನಾಂಕವನ್ನು ಆತ್ಮಸಾಕ್ಷಿಯ ಪಕ್ಕದಲ್ಲಿಟ್ಟು ಓದುವವರು ಈ ಪೂರೈಕೆಯ ಪಕ್ಕದಲ್ಲೂ ಇಟ್ಟು ಓದಬೇಕಾಗುತ್ತದೆ.